ಷರಾ ಬಿಟ್ಟು

ಜನವರಿ 6, 2025, ಸೋಮವಾರ

ಇವತ್ತು ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ಹೊಸನಗರದಲ್ಲಿ ಹತ್ತಿ ಸಾಗರದಲ್ಲಿ ಇಳಿಯುವಷ್ಟರಲ್ಲಿ ಉಮೇಶ್‌ಗೆ ಎರಡು ಸಲ ಫೋನ್ ಮಾಡಿದೆ. ಎರಡನೆಯ ಸಲ ಎತ್ತಲಿಲ್ಲ. ಬಟ್ಟೆಮಲ್ಲಪ್ಪದಿಂದ ಸಾಗರದವರೆಗೆ ನನ್ನ ಜೀವ ನನ್ನಲ್ಲಿರಲಿಲ್ಲ. ಕೊನೆಗೆ ಅವರೇ ಮಾಡಿ, "ಕಂಬದ ಮೇಲಿದ್ದೆ ಮಾರಾಯ್ತಿ. ಕಂಬದ ಮೇಲೆ ಫೋನ್ ಎತ್ತಿದ್ರೆ ನೀನೇ ಬೈತಿದ್ದೆ" ಅಂದರು.

ನನ್ನ ಗಂಡ ಲೈನ್‌ಮನ್. ಹೋದ ಮೇ ತಿಂಗಳಲ್ಲಿ ಶಾಕ್ ಹೊಡೆದು ಕಂಬದಿಂದ ಬಿದ್ದರು. ಬಲಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಅವರು ಮತ್ತೆ ಕಂಬ ಹತ್ತಲು ಶುರು ಮಾಡಿ ನಾಲ್ಕು ತಿಂಗಳಾಯಿತು. ನಾನು ಇನ್ನೂ ಕೆಳಗೇ ನಿಂತಿದ್ದೇನೆ, ಅವರು ಬೀಳುವುದನ್ನೇ ಕಾಯುತ್ತ. ಇದನ್ನು ಯಾರಿಗೂ ಹೇಳಲಾಗುವುದಿಲ್ಲ. ಅದಕ್ಕೇ ಅವರಿಗೆ ಇಲಾಖೆಯಿಂದ ಬಂದ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

ಕೆಲಸದ ವಿಷಯ. ಸಾಗರದ ಜೋಗ ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ. ಹನ್ನೆರಡು ಕಂಪ್ಯೂಟರ್, ನನ್ನನ್ನೂ ಸೇರಿಸಿ ಹನ್ನೆರಡು ಹೆಂಗಸರು. ನೋಡಿಕೊಳ್ಳುವವರು ಶ್ರೀಶ, ನನಗಿಂತ ಚಿಕ್ಕವರಿರಬೇಕು. ದೂರದ ಯಾವುದೋ ರಾಜ್ಯದ ಕಲ್ಲಿದ್ದಲು ಗಣಿಗಳಿಂದ ದಿನಾ ಪಾಳಿ ವರದಿಯ ಫೋಟೋ ಬರುತ್ತದೆ. ನೆಲದ ಕೆಳಗೆ ಹೋದವನು ಕೈಯಲ್ಲಿ ಬರೆದದ್ದು, ಹಿಂದಿಯಲ್ಲಿ. ಯಾವ ಜಾಗದಲ್ಲಿ ಎಷ್ಟು ಗ್ಯಾಸು, ಎಷ್ಟು ಬಿಸಿ, ಚಾವಣಿ ಹೇಗಿದೆ. ಅದನ್ನು ನಾವು ಕಂಪ್ಯೂಟರಿಗೆ ತುಂಬಬೇಕು. ಆಮೇಲೆ ಒಂದು ಪ್ರೋಗ್ರಾಮು ಲೆಕ್ಕ ಹಾಕಿ ಎಲ್ಲಿ ಅಪಘಾತ ಆಗಬಹುದೆಂದು ಮೊದಲೇ ಹೇಳುತ್ತದಂತೆ. ಹಸಿರು ಅಂದರೆ ಭಯವಿಲ್ಲ, ಹಳದಿ ಅಂದರೆ ಎಚ್ಚರಿಕೆ, ಕೆಂಪು ಅಂದರೆ ಜನರನ್ನು ಹೊರಗೆ ಕರೆಸಬೇಕು.

ನಾನು ಏಳು ವರ್ಷ ಹೊಸನಗರದ ಖಾಸಗಿ ಶಾಲೆಯೊಂದರಲ್ಲಿ ಹಿಂದಿ ಕಲಿಸಿದವಳು. ಶಾಲೆ ಮುಚ್ಚಿತು. ಹಿಂದಿ ಕೈಬರಹ ಓದಲು ಬರುತ್ತದೆಂಬ ಒಂದೇ ಕಾರಣಕ್ಕೆ ಈ ಕೆಲಸ ಸಿಕ್ಕಿತು.

ಕೊನೆಯ ಕಾಲಮ್ಮು ಷರಾ. ಅದನ್ನು ಎಲ್ಲಿ ತುಂಬಬೇಕು ಎಂದು ಕೇಳಿದೆ.

"ಷರಾ ಬಿಟ್ಟು ಉಳಿದದ್ದೆಲ್ಲ ತುಂಬಿ. ಪ್ರೋಗ್ರಾಮಿಗೆ ಅಂಕಿ ಮಾತ್ರ ಗೊತ್ತಾಗೋದು" ಅಂದರು ಶ್ರೀಶ.

ಜನವರಿ 9, ಗುರುವಾರ

ಗಣಿಗಳ ಹೆಸರು ನಮಗೆ ಹೇಳುವುದಿಲ್ಲ. ನನಗೆ ಕೊಟ್ಟದ್ದು ಏಳನೇ ನಂಬರು. ಅಲ್ಲಿ ಮೊದಲ ಪಾಳಿಯ ವರದಿ ಬರೆಯುವವನ ಹೆಸರು ಲಖನ್ ಕೇವಟ್. ಅಕ್ಷರ ದುಂಡಗಿದೆ, ಆದರೆ ಒತ್ತಿ ಬರೆಯುತ್ತಾನೆ. ಫೋಟೋದಲ್ಲೂ ಕಾಗದದ ಉಬ್ಬು ಕಾಣುತ್ತದೆ.

ನಮಗೆ ಒಂದು ದಿನದ ತರಬೇತಿ ಕೊಟ್ಟರು. ಇದ್ದಲನ್ನು ತೆಗೆದು ಖಾಲಿಯಾದ ಜಾಗಕ್ಕೆ ಇಟ್ಟಿಗೆ ಗೋಡೆ ಕಟ್ಟಿ ಮುಚ್ಚುತ್ತಾರೆ. ಒಳಗೆ ಉಳಿದ ಇದ್ದಲಪುಡಿ ಬೆಂಕಿ ತಾಗದೆಯೇ ತಾನಾಗಿ ಕಾಯುತ್ತದೆ. ಹಸಿ ಹುಲ್ಲು ಒಟ್ಟಿದ ಬಣವೆಯೊಳಗೆ ಕೈ ಹಾಕಿದರೆ ಸುಡುವ ಹಾಗೆ. ಹಾಗೆ ಕಾಯುವಾಗ ಒಂದು ಗ್ಯಾಸು ಬರುತ್ತದೆ, ಕಾರ್ಬನ್ ಮಾನಾಕ್ಸೈಡು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವನಿಗೆ ಕಾಲು ಸೋತು ಕುಳಿತುಕೊಳ್ಳಬೇಕು ಅನ್ನಿಸುತ್ತದಂತೆ. ಕುಳಿತವನು ಏಳುವುದಿಲ್ಲ.

ಇದನ್ನು ಕೇಳಿಸಿಕೊಳ್ಳಬಾರದಿತ್ತು. ಬಸ್ಸಿನಲ್ಲಿ ಬರುವಾಗ ಕಾಲು ಜೋಮು ಹಿಡಿಯಿತು, ಎದ್ದು ನಿಂತೆ. ಹೊಸನಗರದವರೆಗೆ ನಿಂತೇ ಬಂದೆ.

ಜನವರಿ 17, ಶುಕ್ರವಾರ

ಏಳನೇ ನಂಬರಿನ ನಾಲ್ಕನೇ ಭಾಗದಲ್ಲಿ ಅಂಥ ಒಂದು ಮುಚ್ಚಿದ ಗೋಡೆಯಿದೆ. ಪಕ್ಕದ ಐದನೇ ಭಾಗದಲ್ಲಿ ಜನ ಕೆಲಸ ಮಾಡುತ್ತಾರೆ. ಲಖನ್ ದಿನಾ ಗೋಡೆಯ ಹತ್ತಿರ ಹೋಗಿ ಗ್ಯಾಸು ಅಳೆದು ಬರೆಯುತ್ತಾನೆ. ಹೋದ ವಾರ ಎಂಟು ಇತ್ತು. ನಿನ್ನೆಯ ಹಾಳೆಯಲ್ಲಿ ಹನ್ನೊಂದು, ಇವತ್ತಿನದರಲ್ಲಿ ಹದಿನಾಲ್ಕು. ಷರಾದಲ್ಲಿ ಹೀಗಿದೆ: "ಗೋಡೆ ಬೆವರುತ್ತಿದೆ."

ಗೋಡೆ ಬೆವರುತ್ತದೆಯೇ? ಶ್ರೀಶರನ್ನು ಕರೆದು ತೋರಿಸಿದೆ. ಅವರು ಪರದೆ ನೋಡಿದರು. ನಾಲ್ಕನೇ ಭಾಗದ ಚೌಕ ಹಸಿರಾಗಿಯೇ ಇತ್ತು.

"ಐವತ್ತು ದಾಟಿದ್ರೆ ಮಾತ್ರ ಹಳದಿ ಆಗತ್ತೆ ಹೇಮಾವತಿಯವ್ರೇ. ಹದಿನಾಲ್ಕು ಎಂತದ್ದೂ ಅಲ್ಲ. ಷರಾ ಓದ್ತಾ ಕೂತ್ರೆ ದಿನಕ್ಕೆ ಅರವತ್ತು ಹಾಳೆ ಮುಗಿಯಲ್ಲ."

ಸರಿ. ಇನ್ನು ಓದುವುದಿಲ್ಲ.

ಜನವರಿ 18, ಶನಿವಾರ

ಓದಿದೆ. "ಗೋಡೆ ಬೆವರುತ್ತಿದೆ. ಬಿಸಿ." ಅಷ್ಟೇ.

ಮನೆಗೆ ಬಂದು ಗ್ಯಾಸ್ ಸಿಲಿಂಡರಿನ ನಾಬ್ ಮೂರು ಸಲ ನೋಡಿದೆ. ಅತ್ತೆ ಕೆರಿಯಮ್ಮ, "ಎಂತ ಹೆಣ್ಣೇ ನಿಂದು ಹೆದರ್ಕೆ, ಆಫ್ ಮಾಡಿದ್ನೇ ಎಷ್ಟ್ ಸಲ ಆಫ್ ಮಾಡ್ತೀಯ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಜನವರಿ 22, ಬುಧವಾರ

ಗ್ಯಾಸು ಇಪ್ಪತ್ತೊಂದು. ಷರಾ: "ಸೀಮೆಎಣ್ಣೆಯಂಥ ವಾಸನೆ. ಮೇಲಿನವರಿಗೆ ಹೇಳಿದೆ."

ಬಿಡುವಿನಲ್ಲಿ ಮೊಬೈಲಿನಲ್ಲಿ ಹುಡುಕಿದೆ. ಮುಚ್ಚಿದ ಇದ್ದಲು ಒಳಗೇ ಕಾಯುವಾಗ ಮೊದಲು ಗೋಡೆ ಬೆವರುತ್ತದೆ, ಆಮೇಲೆ ಎಣ್ಣೆಯ ವಾಸನೆ ಬರುತ್ತದೆ, ಆಮೇಲೆ ಹೊಗೆ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ದಿನದಿನಕ್ಕೆ ಏರುತ್ತಿದೆಯೇ ಎನ್ನುವುದು ಮುಖ್ಯ ಎಂದೂ ಇತ್ತು. ಅಲ್ಲೇ ಒಂದು ಹಳೆಯ ದುರಂತದ ವಿವರವೂ ಇತ್ತು. ಪೂರ್ತಿ ಓದಲಿಲ್ಲ. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಹಾಳೆಗಳು ನಮಗೆ ತಲುಪುವುದು ಮೂರು ದಿನ ತಡವಾಗಿ. ನಾನು ಇವತ್ತು ಓದಿದ್ದು ಹತ್ತೊಂಬತ್ತನೆಯ ತಾರೀಕಿನದು. ಈ ಹೊತ್ತಿಗೆ ಅಲ್ಲಿ ಏನಾಗಿದೆಯೋ ನನಗೆ ಗೊತ್ತಿಲ್ಲ.

ಚೌಕ ಹಸಿರು. ಆ ಹಸಿರನ್ನು ಹಾಕಿದವಳು ನಾನು. ವಾಸನೆಯನ್ನು ಬಿಟ್ಟು, ಬೆವರನ್ನು ಬಿಟ್ಟು, ಬರೀ ಇಪ್ಪತ್ತೊಂದು ಎಂದು ಒತ್ತಿದ ಬೆರಳು ನನ್ನದು.

ಜನವರಿ 27, ಸೋಮವಾರ

ಅಕ್ಷರ ಬದಲಾಗಿದೆ.

ಲಖನ್‌ನ ಹಾಳೆ ಬರಲಿಲ್ಲ. ಬೇರೆ ಯಾರದೋ ಸಹಿ: ಟಿಕೇಶ್ವರ್. ಬಾಗಿದ ಅಕ್ಷರ, ಅವಸರದ್ದು. ಗ್ಯಾಸು ಹತ್ತು. ಷರಾ ಖಾಲಿ.

ಲಖನ್‌ನ ಕೊನೆಯ ಹಾಳೆಯಲ್ಲಿ ಇಪ್ಪತ್ತಾರಕ್ಕೆ ಮುಟ್ಟಿದ್ದ ಗ್ಯಾಸು ಒಂದೇ ದಿನದಲ್ಲಿ ಹತ್ತಕ್ಕೆ ಹೇಗೆ ಇಳಿಯಿತು? ಲಖನ್ ಎಲ್ಲಿ ಹೋದ? ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಗೋಡೆಯ ಬುಡದಲ್ಲಿ ಯಾರೋ ಕಾಲು ಮಡಚಿ ಕುಳಿತ ಹಾಗೆ ಕಾಣಿಸಿತು.

ಜನವರಿ 28, ಮಂಗಳವಾರ

ಹತ್ತು.

ಜನವರಿ 30, ಗುರುವಾರ

ಹತ್ತು. ಹತ್ತು. ಬಿಸಿ ಎಲ್ಲ ದಿನವೂ ಮೂವತ್ತೊಂದು ಡಿಗ್ರಿ. ಪೂರ್ತಿ ಗಣಿಯಲ್ಲಿ ಒಂದು ಕೂದಲೆಳೆಯಷ್ಟೂ ಏನೂ ಬದಲಾಗಿಲ್ಲ.

ಇದು ನನಗೆ ಗೊತ್ತು. ಶಾಲೆಯಲ್ಲಿ ಮಕ್ಕಳ ತೂಕ ಎತ್ತರ ಬರೆದು ಕಳಿಸಬೇಕಾಗಿದ್ದ ವರ್ಷ ತೂಕದ ಯಂತ್ರ ಕೆಟ್ಟಿತ್ತು. ನಾನು ಕುರ್ಚಿಯಲ್ಲಿ ಕುಳಿತೇ ನಲವತ್ತು ಮಕ್ಕಳ ತೂಕ ಬರೆದೆ. ಮನಸ್ಸಿನಿಂದ ಬರೆದ ಅಂಕಿಗಳು ಹೇಗೆ ಕಾಣುತ್ತವೆಂದು ಬರೆದವಳಿಗೆ ಗೊತ್ತಿರುತ್ತದೆ. ಈ ಟಿಕೇಶ್ವರ್ ಗೋಡೆಯ ಹತ್ತಿರ ಹೋಗುತ್ತಿಲ್ಲ.

ಅಂದರೆ ಆರು ದಿನಗಳಿಂದ ಅಲ್ಲಿ ಯಾರೂ ಅಳೆಯುತ್ತಿಲ್ಲ. ಪಕ್ಕದಲ್ಲಿ ಜನ ಕೆಲಸ ಮಾಡುತ್ತಿದ್ದಾರೆ.

ಜನವರಿ 31, ಶುಕ್ರವಾರ

ಶ್ರೀಶರಿಗೆ ಎಲ್ಲ ಹಾಳೆಗಳನ್ನೂ ಸಾಲಾಗಿ ತೆರೆದು ತೋರಿಸಿದೆ. ಈ ಸಲ ಅವರು ಕುರ್ಚಿ ಎಳೆದುಕೊಂಡು ಕುಳಿತು ಓದಿದರು. ಅವರಿಗೆ ಹಿಂದಿ ಸರಿಯಾಗಿ ಬರುವುದಿಲ್ಲ, ನಾನು ಓದಿ ಹೇಳಿದೆ. ಕೊನೆಗೆ ಕೆಲಸ ಕೊಟ್ಟ ಕಂಪನಿಗೆ ಮೇಲ್ ಬರೆದರು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ವರದಿಯ ವಿವರಣೆ ನಿಮ್ಮ ಕೆಲಸದ ವ್ಯಾಪ್ತಿಯಲ್ಲಿಲ್ಲ. ನೌಕರರು ಗೋಪ್ಯತೆಯ ಕರಾರಿಗೆ ಸಹಿ ಹಾಕಿದ್ದಾರೆಂದು ನೆನಪಿಸಿ.

"ನೆನಪಿಸಿದ್ದೀನಿ" ಅಂದರು ಶ್ರೀಶ, ನನ್ನ ಮುಖ ನೋಡದೆ.

"ಅಲ್ಲಿ ಜನ ಸತ್ರೆ?"

"ಆನು ಎಂತ ಮಾಡ್ಲಿ? ಎಂಗೆಂತ ಗೊತ್ತಿದ್ದು ಗಣಿ ಬಗ್ಗೆ?" ಗಾಬರಿಯಾದಾಗ ಅವರಿಗೆ ಮನೆಮಾತು ಬಂದುಬಿಡುತ್ತದೆ. ತಕ್ಷಣ ಸರಿಪಡಿಸಿಕೊಂಡು, "ಇಲ್ಲಿ ಹನ್ನೆರಡು ಜನರ ಕೆಲಸ ಇದೆ. ಅದನ್ನೂ ನೋಡ್ಬೇಕಲ್ಲ ನಾನು" ಅಂದರು.

ಅವರು ಕೆಟ್ಟವರಲ್ಲ. ನನ್ನ ಹಾಗೆಯೇ ಹೆದರಿದ್ದಾರೆ.

ಮೇಲ್ ಹೋಯಿತು, ಉತ್ತರ ಬಂತು, ನನ್ನ ಕೆಲಸ ಮುಗಿಯಿತು. ಹಾಗೆಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಸಿಲಿಂಡರಿನ ನಾಬ್ ಮತ್ತೆ ನೋಡಿದೆ.

ಫೆಬ್ರವರಿ 2, ಭಾನುವಾರ

ರಜೆ. ಆದರೂ ನಮ್ಮ ತಾಲ್ಲೂಕಿನ ನಗರ ಊರಿನ ಕೋಟೆ ಹತ್ತಿರ ಲೈನ್ ಹರಿದಿದೆ ಎಂದು ಉಮೇಶ್‌ಗೆ ಕರೆ ಬಂತು. ಮನೆಯಲ್ಲಿ ಕುಳಿತರೆ ಹುಚ್ಚು ಹಿಡಿಯುತ್ತದೆಂದು ನಾನೂ ಬೈಕಿನ ಹಿಂದೆ ಕುಳಿತೆ. ಅವರು ಕೆಲಸ ಮಾಡುವುದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಕಂಬದ ಕೆಳಗೆ ಹತ್ತಿಪ್ಪತ್ತು ಜನ ಸೇರಿದ್ದರು. ಒಬ್ಬರ ಮನೆಯಲ್ಲಿ ಗೃಹಪ್ರವೇಶ, ಕರೆಂಟಿಲ್ಲ. ಉಮೇಶ್ ಬೆಲ್ಟ್ ಕಟ್ಟಿಕೊಂಡು, ಗ್ಲೌಸ್ ಹಾಕಿಕೊಂಡು, ಸುಮ್ಮನೆ ನಿಂತುಬಿಟ್ಟರು. ಸ್ಟೇಷನ್ನಿನಿಂದ ಲೈನ್ ಆಫ್ ಮಾಡಿದ್ದೇವೆಂಬ ಮಾತು ಬರಬೇಕು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು.

"ಹರಿದು ಬಿದ್ದ ಲೈನಲ್ಲಿ ಎಂತ ಕರೆಂಟ್ ಇರತ್ತೆ? ಹತ್ರೀ" ಎಂದ ಗೃಹಪ್ರವೇಶದವನು.

"ಹೆದರ್ಕೆ ಆದ್ರೆ ಬೇರೆಯವ್ರನ್ನ ಕಳ್ಸಿ" ಎಂದ ಇನ್ನೊಬ್ಬ. ಯಾರೋ ನಕ್ಕರು.

ನನಗೆ ಸಿಟ್ಟು ಬಂತು. ಉಮೇಶ್ ಮಾತ್ರ, "ಹೌದು, ಹೆದ್ರಿಕೆನೇ" ಎಂದು ಹೇಳಿ, ಸುರುಳಿ ಸುತ್ತಿದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತುತ್ತ ನಿಂತರು. ಮುಕ್ಕಾಲು ಗಂಟೆಯ ಮೇಲೆ ಫೋನ್ ಬಂತು. ಆಗ ಹತ್ತಿದರು. ನಾನು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.

ಬರುವಾಗ ದಾರಿಯಲ್ಲಿ ಚಾ ಕುಡಿಯಲು ನಿಂತೆವು. ಗಣಿಯ ವಿಷಯ ಎಲ್ಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, ಮಡಚದ ಬೆರಳಿನಿಂದ ಲೋಟ ಹಿಡಿದುಕೊಂಡೇ, ಇಷ್ಟು ದಿನ ಹೇಳದೇ ಇದ್ದದ್ದನ್ನು ಹೇಳಿದರು.

"ಮೇ ತಿಂಗ್ಳಲ್ಲಿ ನಂಗೆ ಹೊಡ್ದಿದ್ದು ಸ್ಟೇಷನ್ ಕರೆಂಟಲ್ಲ. ಅಲ್ಲೊಂದ್ ಮನೇಲಿ ಜನರೇಟರ್ ಹಾಕಿದ್ರು, ಅದು ಹಿಂದಿಂದ ಲೈನಿಗೆ ಬಂತು. ಪಕ್ಕದ ಮನೆ ಹೆಂಗ್ಸಿಗೆ ಗೊತ್ತಿತ್ತಂತೆ. ಹೇಳ್ಬೇಕು ಅಂತ ಅಂಗಳಕ್ಕೆ ಬಂದಿದ್ಲಂತೆ. ಇವ್ರಿಗೆಲ್ಲ ಗೊತ್ತೇ ಇರತ್ತೆ, ನಾನ್ಯಾಕೆ ಹೇಳ್ಲಿ ಅಂತ ಒಳಗೆ ಹೋದ್ಲಂತೆ. ಆಸ್ಪತ್ರೆಗೆ ಬಂದು ಅತ್ಲು ಪಾಪ."

ಆ ಹೆಂಗಸು ಆಸ್ಪತ್ರೆಗೆ ಬಂದಿದ್ದಳು. ನನಗೆ ನೆನಪಿದೆ. ಯಾರೋ ನೆಂಟರೆಂದುಕೊಂಡು ಅವಳಿಗೆ ಕುರ್ಚಿ ಕೊಟ್ಟಿದ್ದೆ.

"ನಾನೇ ಗಣಿಗೆ ಫೋನ್ ಮಾಡಿ, ಅದು ತಪ್ಪಾದ್ರೆ? ಅಲ್ಲಿ ಏನೂ ಇಲ್ದೆ ಇದ್ರೆ?" ಎಂದು ಕೇಳಿದೆ.

"ತಪ್ಪಾದ್ರೆ ಬೈತಾರೆ. ಬೈಸ್ಕೊ."

ಫೆಬ್ರವರಿ 3, ಸೋಮವಾರ

ಮಾಡಿದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಜನವರಿ ಹದಿನೈದರ ಹಾಳೆಯ ಮೂಲೆಯಲ್ಲಿ ಒಂದು ಮಾಸಿದ ಸೀಲು ಇತ್ತು, ಗಣಿಯ ಹಾಜರಿ ಕಚೇರಿಯದು. ಅದರಲ್ಲಿ ಫೋನ್ ನಂಬರು. ಮಧ್ಯಾಹ್ನ ಊಟದ ಹೊತ್ತಿಗೆ ಹಿಂಬದಿಯ ಮೆಟ್ಟಿಲಿನಲ್ಲಿ ನಿಂತು ಒತ್ತಿದೆ.

"ಎಲ್ಲಿಂದ?" ಎಂದ ಆ ಕಡೆಯವನು.

"ಕರ್ನಾಟಕದಿಂದ."

"ಇಲ್ಲಿ ಕರ್ನಾಟಕದವರು ಯಾರೂ ಇಲ್ಲ." ಇಟ್ಟುಬಿಟ್ಟ.

ಮತ್ತೆ ಮಾಡಿದೆ. ಲಖನ್ ಕೇವಟ್ ಬೇಕು, ನಾನು ಅವರ ತಂಗಿ ಎಂದೆ. ಬಾಯಿಂದ ಹೇಗೆ ಬಂತೋ. ಯಾರೋ ಯಾರನ್ನೋ ಕೂಗಿದ ಸದ್ದು, ಕಬ್ಬಿಣದ ಬಾಗಿಲಿನ ಸದ್ದು. ಬದುಕಿದ್ದಾನೆ ಎನ್ನುವುದು ಆಗ ಹೊಳೆದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸುಮಾರು ಹೊತ್ತಿನ ಮೇಲೆ ಒಂದು ದಪ್ಪ ದನಿ.

"ನನಗೆ ತಂಗಿ ಇಲ್ಲ."

ಅವನ ಹಿಂದಿ ನನ್ನ ಪುಸ್ತಕದ ಹಿಂದಿಯಲ್ಲ. ಅರ್ಥವಾದಷ್ಟನ್ನು ಬರೆಯುತ್ತೇನೆ. ನಾನು ಯಾರು, ಎಲ್ಲಿ ಕುಳಿತು ಅವನ ಹಾಳೆ ಓದುತ್ತೇನೆ ಎಂದು ತಡವರಿಸುತ್ತ ಹೇಳಿದೆ.

"ನಾನು ಬರೆದದ್ದನ್ನು ಓದುತ್ತೀರಾ? ಕೊನೆಯದನ್ನೂ?"

"ಕೊನೆಯದನ್ನೂ. ಗೋಡೆ ಬೆವರುತ್ತಿದೆ. ಸೀಮೆಎಣ್ಣೆಯ ವಾಸನೆ."

"ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೀನಿ. ಯಾರಾದರೂ ಓದ್ತಾರೆ ಅಂತ ಗೊತ್ತಿರಲಿಲ್ಲ."

ವಾಸನೆಯ ಮಾತು ಬರೆದದ್ದಕ್ಕೆ ಅವನನ್ನು ಕೆಳಗಿಳಿಸುವುದನ್ನು ನಿಲ್ಲಿಸಿ ದೀಪದ ಕೋಣೆಗೆ ಹಾಕಿದ್ದಾರೆ. ಕೆಳಗೆ ಹೋಗುವವರ ತಲೆಗೆ ಕಟ್ಟುವ ದೀಪ ಕೊಡುವ ಕೆಲಸ. ಅವನ ಹಾಳೆಗಳ ಕಚೇರಿ ಪ್ರತಿ ಈಗ ಸಿಗುತ್ತಿಲ್ಲ. ಅವನ ಜಾಗಕ್ಕೆ ಬಂದವನು ಹೊಸಬ. ಅವನು ಬರೆಯುತ್ತಿರುವ ಅಂಕಿ ಎಷ್ಟು ಎಂದು ಕೇಳಿದ.

"ಹತ್ತು. ದಿನಾ ಹತ್ತು."

ಆಮೇಲೆ ಅವನು ಹೇಳಿದ್ದು ಇಷ್ಟು. "ಈಗ ತಾನೇ ಎರಡನೇ ಪಾಳಿಗೆ ಐದನೇ ಭಾಗಕ್ಕೆ ಅರವತ್ತೆರಡು ದೀಪ ಕೊಟ್ಟೆ."

ಏನು ಮಾಡಲಿ ಎಂದು ಕೇಳಿದೆ. ಅವನಿಗೆ ಆ ಹಾಳೆಗಳು ಬೇಕು. ತನ್ನ ಸಹಿಯಿರುವವು, ಆ ಹೊಸಬನವೂ. ಕೆಲಸಗಾರರ ಪರವಾಗಿ ಸುರಕ್ಷೆ ನೋಡುವವನೊಬ್ಬ ಇದ್ದಾನೆ, ಅವನಿಗೆ ಬರೀ ಬಾಯಿಮಾತು ಸಾಲದು, ಕಾಗದ ಬೇಕು. ತನ್ನ ಮೊಬೈಲ್ ನಂಬರು ಹೇಳಿದ.

ಕರಾರಿನಲ್ಲಿ ನಾನು ಸಹಿ ಹಾಕಿದ್ದು ನೆನಪಾಯಿತು. ಪೊಲೀಸರು ನೆನಪಾದರು. ಒಳಗೆ ಬಂದು ನನ್ನ ಜಾಗದಲ್ಲಿ ಕುಳಿತೆ. ಪಕ್ಕದ ಕುರ್ಚಿಯ ನವ್ಯಾ ಊಟ ಮುಗಿಸಿ ಬಂದಿರಲಿಲ್ಲ. ಪರದೆಯಿಂದ ಮೊಬೈಲಿನಲ್ಲಿ ಹದಿನೇಳು ಫೋಟೋ ತೆಗೆದೆ. ಅವಸರದಲ್ಲಿ ನಾಲ್ಕು ಮಸುಕಾದವು, ಅವನ್ನು ಮತ್ತೆ ತೆಗೆದೆ. ವಾಟ್ಸಾಪಿನಲ್ಲಿ ಕಳಿಸಿದೆ. ಪ್ರತಿ ಫೋಟೋದ ಕೆಳಗೆ ಎರಡು ನೀಲಿ ಗೆರೆ ಮೂಡುವವರೆಗೆ ಫೋನ್ ಕೆಳಗಿಡಲಿಲ್ಲ.

ಫೆಬ್ರವರಿ 4, ಮಂಗಳವಾರ

ಅವನಿಂದ ಏನೂ ಇಲ್ಲ. ಮೂರು ಸಲ ಫೋನ್ ಮಾಡಿದೆ. ಸ್ವಿಚ್ ಆಫ್.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ನನ್ನ ಪಾಸ್‌ವರ್ಡ್ ಒಪ್ಪಲಿಲ್ಲ. ನನ್ನದಷ್ಟೇ ಅಲ್ಲ, ಹನ್ನೆರಡು ಪರದೆಗಳೂ ಹಾಗೇ ಇದ್ದವು. ಎಲ್ಲರೂ ಕೈ ಕಟ್ಟಿ ಕುಳಿತರು. ಯಾಕೆಂದು ನನ್ನೊಬ್ಬಳಿಗೆ ಗೊತ್ತಿತ್ತು.

ಮಧ್ಯಾಹ್ನ ಶ್ರೀಶ ನನ್ನನ್ನು ಒಳಗೆ ಕರೆದರು. ಅವರ ಮುಖ ಸುಣ್ಣದ ಹಾಗಿತ್ತು. ಹಾಳೆಗಳು ಗಣಿಯಲ್ಲಿ ಯಾರದೋ ಕೈಯಲ್ಲಿ ಕಾಣಿಸಿಕೊಂಡಿವೆ. ಎಲ್ಲಿಂದ ಹೋದವೆಂದು ಹುಡುಕುವವರೆಗೆ ಕೆಲಸ ಬಂದ್.

"ನೀವಾ?"

"ನಾನೇ."

ಸುಳ್ಳು ಹೇಳುತ್ತೇನೆಂದೇ ಒಳಗೆ ಹೋದವಳು ನಾನು.

"ನವ್ಯಾನ ಅಪ್ಪಂಗೆ ಡಯಾಲಿಸಿಸ್ ನಡೀತಿದೆ ಗೊತ್ತಾ ನಿಮಗೆ? ಈ ಕೆಲಸ ಹೋದ್ರೆ ಅವಳು ಎಂತ ಮಾಡ್ತಾಳೆ?"

ಹೊರಗೆ ಬರುವಾಗ ನವ್ಯಾ ನನ್ನ ಕಡೆ ನೋಡಿ ನಕ್ಕಳು, ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಲಖನ್‌ನ ಫೋನ್ ಇವತ್ತೂ ಸ್ವಿಚ್ ಆಫ್.

ಫೆಬ್ರವರಿ 6, ಗುರುವಾರ

ಹುಚ್ಚಿಯ ಹಾಗೆ ಎಲ್ಲ ಸುದ್ದಿ ನೋಡಿದೆ. ಗಣಿ, ಬೆಂಕಿ, ಸಾವು ಎಂದು ಹಿಂದಿಯಲ್ಲಿ ಬರೆದು ಹುಡುಕಿದೆ. ಏನೂ ಇಲ್ಲ. ಏನೂ ಇಲ್ಲವೆಂದರೆ ಏನೂ ಆಗಿಲ್ಲವೆಂದೇ? ಹಾಜರಿ ಕಚೇರಿಗೆ ಮಾಡಿದೆ. ಎತ್ತಿದವನನ್ನು ಮಾತನಾಡಲು ಬಿಡಲಿಲ್ಲ. ಐದನೇ ಭಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಗ್ಯಾಸು ಅಳೆದವರು ಯಾರು, ಹೆಸರು ಹೇಳಿ, ಎಂದೆ. ಅವನು, "ಮೇಡಂ, ನೀವು ಯಾವ ಇಲಾಖೆಯವರು?" ಎಂದು ಎದ್ದು ನಿಂತವನ ದನಿಯಲ್ಲಿ ಕೇಳಿದ. ನಿಮ್ಮ ಅಧಿಕಾರಿಗೆ ಹೇಳಿ, ನಾನು ಸಂಜೆ ಮತ್ತೆ ಮಾಡುತ್ತೇನೆ ಎಂದು ಇಟ್ಟೆ.

ನಾನು ಹುಟ್ಟು ಪುಕ್ಕಲಿ. ಇಂಥದ್ದೆಲ್ಲ ನನ್ನಿಂದ ಆಗುವುದಿಲ್ಲ.

ಸಂಜೆ ಮತ್ತೆ ಮಾಡಿದೆ. ಎತ್ತಲಿಲ್ಲ.

ಫೆಬ್ರವರಿ 8, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಲಖನ್ ಫೋನ್ ಮಾಡಿದ. ಅತ್ತೆಗೆ ಸೊಪ್ಪು ಬಿಡಿಸಿಕೊಡುತ್ತಿದ್ದೆ. ಎದ್ದು ಅಂಗಳಕ್ಕೆ ಓಡಿದೆ.

ಮಂಗಳವಾರ ಬೆಳಿಗ್ಗೆ ಅವನೂ ಆ ಸುರಕ್ಷೆಯವನೂ ಮೊದಲ ಪಾಳಿಯವರ ಮುಂದೆ ಹಾಳೆಗಳನ್ನು ಹಿಡಿದು ನಿಂತರಂತೆ. ಪಾಳಿಯವರು ದೀಪ ತೆಗೆದುಕೊಳ್ಳದೆ ನೆಲದ ಮೇಲೆ ಕುಳಿತುಬಿಟ್ಟರು. ಕಚೇರಿಯವರು ಕೂಗಾಡಿದರು, ಲಖನ್‌ನ ಫೋನ್ ಕಿತ್ತುಕೊಂಡರು, ಅದು ಇವತ್ತಷ್ಟೇ ಮರಳಿ ಸಿಕ್ಕಿತಂತೆ. ಕೊನೆಗೆ ಎಲ್ಲರ ಎದುರೇ ಹೊಸದಾಗಿ ಅಳೆಯುವುದೆಂದಾಯಿತು. ಲಖನ್, ಸುರಕ್ಷೆಯವನು, ಒಬ್ಬ ಅಧಿಕಾರಿ, ಜೊತೆಗೆ ಆ ಟಿಕೇಶ್ವರ್. ಕೆಳಗೆ ಹೋದವರು ನಾಲ್ಕೇ ಜನ.

ಗೋಡೆಗೆ ಇನ್ನೂ ದೂರವಿರುವಾಗಲೇ ವಾಸನೆ ಮುಖಕ್ಕೆ ಹೊಡೆಯಿತು. ಮೂವರು ನಿಂತರು. ಟಿಕೇಶ್ವರ್ ಮಾತ್ರ ಯಂತ್ರ ಹಿಡಿದುಕೊಂಡು ಮುಂದೆ ಮುಂದೆ ಹೋದ. ಕೂಗಿದರೂ ನಿಲ್ಲಲಿಲ್ಲ. ಅಂಕಿಯನ್ನು ಗಟ್ಟಿಯಾಗಿ ಓದಿದ, ನಾನೂರ ಹತ್ತು. ಓದಿ ಹಾಗೇ ಕುಳಿತ.

"ಕುಳಿತನೇ?" ಎಂದೆ.

"ಎಳೆದುಕೊಂಡು ಬಂದ್ವಿ. ಆಸ್ಪತ್ರೆಯಲ್ಲಿದ್ದಾನೆ. ನಿನ್ನೆ ಮಾತಾಡಿದ."

ಟಿಕೇಶ್ವರ್ ಹೇಳಿದ್ದೇನೆಂದರೆ, ಮೊದಲ ದಿನವೇ ಅವನು ಗೋಡೆಯ ಹತ್ತಿರ ಹೋಗಿದ್ದ. ಆ ವಾಸನೆಗೆ ಹೆದರಿ ಓಡಿ ಬಂದ. ಹೆದರಿದೆ ಎಂದು ಹೇಳಲು ನಾಚಿಕೆ. ಹತ್ತು ಎಂದು ಬರೆದ. ಎರಡನೆಯ ದಿನ ಹನ್ನೊಂದು ಬರೆದರೆ ಯಾರಾದರೂ ಕೇಳುತ್ತಾರೆಂದು ಮತ್ತೆ ಹತ್ತೇ ಬರೆದ.

ಐದನೇ ಭಾಗವನ್ನು ಅವತ್ತೇ ಖಾಲಿ ಮಾಡಿದರು. ಬುಧವಾರ ಮಧ್ಯಾಹ್ನ ಗೋಡೆ ಬಿರಿದು ಹೊಗೆ ಬಂತು, ಆಮೇಲೆ ಬೆಂಕಿ. ಒಳಗೆ ಯಾರೂ ಇರಲಿಲ್ಲ. ಈಗ ಎರಡೂ ಭಾಗಗಳಿಗೆ ಹೊರಗಿನಿಂದ ಹೊಸ ಗೋಡೆ ಕಟ್ಟುತ್ತಿದ್ದಾರೆ.

ಬುಧವಾರ ಮಧ್ಯಾಹ್ನ ನಾನು ಶ್ರೀಶರ ಎದುರು ನಿಂತಿದ್ದೆ.

ಒಳಗೆ ಬಂದಾಗ ಅತ್ತೆ, "ಯಾಕೆ ಹೆಣ್ಣೇ ಅಳ್ತಿದೀಯ? ಯಾರಿಗೆ ಎಂತಾ ಆತು?" ಎಂದು ಎದ್ದುಬಿಟ್ಟರು. "ಯಾರಿಗೂ ಏನೂ ಆಗ್ಲಿಲ್ಲ ಅತ್ತೆ" ಎಂದೆ. ಅವರು ನಂಬಲಿಲ್ಲ. ಏನೂ ಆಗದಿದ್ದರೆ ಯಾರಾದರೂ ಹಾಗೆ ಅಳುತ್ತಾರೆಯೇ ಎಂದು ಸಂಜೆಯವರೆಗೂ ಕೇಳಿದರು.

ಫೆಬ್ರವರಿ 12, ಬುಧವಾರ

ಸಾಗರಕ್ಕೆ ಹೋಗಿ ಕೆಲಸ ಬಿಡುವ ಕಾಗದಕ್ಕೆ ಸಹಿ ಹಾಕಿ ಬಂದೆ. ಕಂಪನಿ ಕೆಲಸವನ್ನು ಬೇರೆ ಊರಿಗೆ ಕೊಟ್ಟಿದೆ. ಶ್ರೀಶ ಇನ್ನೇನೋ ಕೆಲಸ ಹುಡುಕುತ್ತಿದ್ದಾರೆ. ಆರು ಜನರಿಗೆ ಒಂದು ಆಸ್ಪತ್ರೆಯ ದಾಖಲೆ ತುಂಬುವ ಕೆಲಸ ಸಿಗಬಹುದು, ನವ್ಯಾ ಅದರಲ್ಲಿದ್ದಾಳೆ. ಉಳಿದವರಿಗೆ ಇಲ್ಲ. ಇಬ್ಬರು ನನ್ನ ಜೊತೆ ಮಾತನಾಡಲಿಲ್ಲ. ನವ್ಯಾ ಮಾತನಾಡಿದಳು, ಆದರೆ ಮೊದಲಿನ ಹಾಗಲ್ಲ. ಹಾಗಿರಲು ಅವಳಿಗೆ ಹಕ್ಕಿದೆ.

ಸಹಿ ಹಾಕಿ ಹೊರಡುವಾಗ ಶ್ರೀಶ ಮೆಟ್ಟಿಲವರೆಗೆ ಬಂದರು.

"ಎಷ್ಟು ಜನ ಇದ್ದಿದ್ವಡ ಕೆಳಗೆ?"

"ಒಂದು ಪಾಳಿಗೆ ಅರವತ್ತೆರಡು."

ಅವರು ಗೋಡೆಗೊರಗಿ ನಿಂತರು. "ಹುಷಾರಾಗಿ ಹೋಗಿ" ಎಂದಷ್ಟೇ ಹೇಳಿದರು.

ಮನೆಗೆ ಬಂದರೆ ಉಮೇಶ್ ಮೊದಲೇ ಬಂದಿದ್ದರು. "ಎಂತ ಮಾರಾಯ್ತಿ, ನಾಲ್ಕು ದಿನದಿಂದ ಒಂದು ಫೋನಿಲ್ಲ. ನಾ ಬಿದ್ದು ಸತ್ರೂ ನಿಂಗೆ ಗೊತ್ತಾಗಲ್ಲ" ಎಂದು ರೇಗಿಸಿದರು. ಹೌದಾ, ಮರೆತೆ ಎಂದೆ. ಅವರ ಷರ್ಟಿನ ಗುಂಡಿ ಕಿತ್ತುಹೋಗಿತ್ತು, ಹಾಕಿಕೊಟ್ಟೆ. ತೀರ್ಥಹಳ್ಳಿಯಲ್ಲಿ ಒಂದು ಶಾಲೆಗೆ ಹಿಂದಿ ಟೀಚರ್ ಬೇಕಂತೆ. ಮೇಳಿಗೆಯಲ್ಲಿರುವ ನನ್ನ ಅಕ್ಕ ಹೇಳಿದಳು. ಸೋಮವಾರ ಹೋಗಿ ಕೇಳಬೇಕು.

ಫೆಬ್ರವರಿ 20, ಗುರುವಾರ

ಇವತ್ತು ಮಧ್ಯಾಹ್ನ ತೀರ್ಥಹಳ್ಳಿಯ ಬಸ್ ನಿಲ್ದಾಣದಲ್ಲಿದ್ದೆ. ಶಾಲೆಯವರು ಮತ್ತೊಮ್ಮೆ ಬಂದು ಹೆಡ್‌ಮಾಸ್ತರರನ್ನು ಕಾಣಲು ಹೇಳಿದ್ದರು. ಹೊಸನಗರದ ಬಸ್ಸಿಗೆ ಕಾಯುವಾಗ ಫೋನ್ ಬಂತು. ಲಖನ್‌ನ ನಂಬರು. ಎತ್ತಿದರೆ ಹೆಂಗಸಿನ ದನಿ.

ಅವನ ಫೋನಿನಲ್ಲಿ ಹೆಂಗಸು ಯಾಕೆ ಮಾತನಾಡುತ್ತಾಳೆ? ನಾನು ಕಂಬ ಹಿಡಿದುಕೊಂಡೆ. ಏನಾಯಿತು, ಏನಾಯಿತು ಎಂದು ಹಿಂದಿಯಲ್ಲಿ ಕೂಗಿದೆ, ನಿಲ್ದಾಣದವರೆಲ್ಲ ತಿರುಗಿ ನೋಡುವ ಹಾಗೆ.

ಅವಳು ಹೆದರಿಬಿಟ್ಟಳು. ನಿಧಾನಕ್ಕೆ, ನನಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅವಳು ಲಖನ್‌ನ ಹೆಂಡತಿ. ಗಂಡನಿಗೆ ಮತ್ತೆ ಕೆಳಗಿನ ಕೆಲಸ ಕೊಟ್ಟಿದ್ದಾರೆ. ಕೆಳಗೆ ಫೋನ್ ಒಯ್ಯುವ ಹಾಗಿಲ್ಲ, ಅದಕ್ಕೆ ಅದು ಮನೆಯಲ್ಲಿದೆ. ಸುಮ್ಮನೆ ಮಾಡಿದೆ, ನಿಮ್ಮ ದನಿ ಕೇಳಬೇಕಿತ್ತು ಎಂದಳು.

ಆಮೇಲೆ ಅವಳು ತನ್ನ ಊರಿನ ಮಾತಿನಲ್ಲಿ ಏನೇನೋ ಹೇಳಿದಳು. ಅರ್ಧಕ್ಕರ್ಧ ತಿಳಿಯಲಿಲ್ಲ. ಸೊಸೆಯ ಬಾಣಂತನ ಇರಬೇಕು, ಮತ್ತೊಂದು ಆಡಿನ ವಿಷಯ. ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ನಾನೂ ಉಮೇಶ್ ಬಗ್ಗೆ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ.

ಮಾತಿನ ನಡುವೆ ಅವಳ ಹಿಂದಿನಿಂದ ಸೈರನ್ ಕೂಗಿತು. ಉದ್ದಕ್ಕೆ, ಕಿವಿ ಹರಿಯುವ ಹಾಗೆ.

"ಏನದು? ಏನಾಯಿತು?"

ಅವಳು ನಕ್ಕಳು. "ಛುಟ್ಟಿ, ದೀದಿ! ಛುಟ್ಟಿ!"

ಮೊದಲ ಪಾಳಿ ಬಿಟ್ಟಿತ್ತು. ಅವಳು ಬಾಗಿಲಿಗೆ ಹೋಗಿ ನಿಂತಿರಬೇಕು. ದೂರದಲ್ಲಿ ಗಂಡಸರ ಮಾತು, ಯಾರೋ ಯಾರನ್ನೋ ಬೈದು ನಕ್ಕದ್ದು, ಸೈಕಲ್ಲಿನ ಗಂಟೆಗಳು. ಅವಳು ಫೋನನ್ನು ಆ ಕಡೆ ಹಿಡಿದುಕೊಂಡೇ ಇದ್ದಳು. ಒಂದು ಸೈಕಲ್ ಹೋಯಿತು, ಇನ್ನೊಂದು, ಆಮೇಲೆ ಒಟ್ಟಿಗೆ ಮೂರು ನಾಲ್ಕು. ನಾನು ಎಣಿಸಲು ಶುರು ಮಾಡಿದೆ. ಹದಿನೆಂಟೋ ಹತ್ತೊಂಬತ್ತೋ ಆಗುವಾಗ ಹೊಸನಗರದ ಬಸ್ಸು ಬಂದು ಹಾರ್ನ್ ಹಾಕಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಲಿಲ್ಲ. ಫೋನ್ ಕಿವಿಗೆ ಇಟ್ಟುಕೊಂಡೇ ಬಸ್ಸು ಹತ್ತಿದೆ. ಅವರು ಇನ್ನೂ ಬರುತ್ತಲೇ ಇದ್ದರು.